ನೋಬಾಲ್ ಮತ್ತು ನಾಲ್ಕು ಅಗತಿ



2019ರ ಮಾರ್ಚ್ 28, ಚಿನ್ನಸ್ವಾಮಿ ಮೈದಾನ. ಕೊನೆಯ ಚೆಂಡಿಗೆ ಆರ್‌ಸಿಬಿಗೆ 7 ರನ್ ಬೇಕಿತ್ತು. ಮಾಲಿಂಗ ಗೆರೆ ದಾಟಿ ಎಸೆದರು, ಅಂಪೈರ್ ನೋಡಲಿಲ್ಲ. ಮುಂಬೈ 6 ರನ್‌ಗಳಿಂದ ಗೆದ್ದಿತು. ನಮ್ಮ ದೇವಾಪುರದ ಹುಡುಗರಿಗೆ ಆ ಸಿಟ್ಟು ಇನ್ನೂ ಇದೆ.

ಸಿಟ್ಟು ಬರುವುದು ಸಹಜ. ನಿಯಮ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಆದರೆ ಏನಾಗುತ್ತದೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. 2020ರಲ್ಲಿ ಐಪಿಎಲ್ ಆ ಗೆರೆ ಕಾಯುವ ಕೆಲಸವನ್ನು ಮೂರನೇ ಅಂಪೈರ್‌ಗೆ ಕೊಟ್ಟಿತು. ನಿಯಮ ತಿದ್ದಿದರೆ ಕೆಲಸವಾಗುತ್ತದೆ, ಬಾಬಾಸಾಹೇಬರ ಮಕ್ಕಳಿಗೆ ಇದೂ ಹೊಸದಲ್ಲ.

ಆದರೆ ಸಿಗಾಲೋವಾದ ಸುತ್ತದಲ್ಲಿ ಬುದ್ಧರು ದಾರಿ ತಪ್ಪಿಸುವ ನಾಲ್ಕು ಅಗತಿಗಳನ್ನು ಹೇಳಿದ್ದಾರೆ: ಛಂದ, ದೋಸ, ಮೋಹ, ಭಯ. ಅಂದರೆ ಒಲವು, ದ್ವೇಷ, ಅರಿವುಗೇಡಿತನ, ಅಂಜಿಕೆ. ನೋಡುವವರ ಅಗತಿ ಹೆಚ್ಚಾಗಿ ಮೊದಲನೆಯದೇ. ಅದೇ ಪಂದ್ಯದಲ್ಲಿ ಬುಮ್ರಾ ಅವರ ಒಂದು ಚೆಂಡನ್ನು ತಪ್ಪಾಗಿ ವೈಡ್ ಎಂದರೆಂದು ರೋಹಿತ್ ಶರ್ಮಾ ಹೇಳಿದ್ದರು. ಅದು ಎಷ್ಟು ಜನರಿಗೆ ನೆನಪಿದೆ? ಆ ರನ್ ನಮ್ಮ ಕಡೆ ಬಂದಿತ್ತಲ್ಲ! ರೋಹಿತ್ ಗೆದ್ದ ನಾಯಕ, ಸುಮ್ಮನಿರಬಹುದಿತ್ತು. ಆದರೂ ಇಂಥ ತಪ್ಪುಗಳು ಆಟಕ್ಕೆ ಒಳ್ಳೆಯದಲ್ಲ ಎಂದರು.

ಇಂದಿನ ಅಭ್ಯಾಸ: ಮುಂದಿನ ಪಂದ್ಯದಲ್ಲಿ ನಮ್ಮ ತಂಡಕ್ಕೆ ಲಾಭವಾಗುವ ತಪ್ಪು ತೀರ್ಪು ಬಂದಾಗ, ಪಕ್ಕದಲ್ಲಿ ಕೂತವರಿಗೆ ಕೇಳುವಂತೆ "ಇದು ತಪ್ಪು" ಅನ್ನಿ.

ಜೈ ಭೀಮ್.