ಬಸ್ ಸಿಕ್ನಿಲ್ವಾ ಸಾ?

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಕೆರೆಗೆ ನೀರೆಲ್ಲಿಂದ ಬರುತ್ತದೆ, ಹೊಲಕ್ಕೆ ಏನು ಬಿತ್ತುತ್ತಾರೆ, ಗುತ್ತಿಗೆ ಎಷ್ಟು, ಯಾವ ಜಾತಿಯವರು ಏನು ಉಣ್ಣುತ್ತಾರೆ ಎಂದು ಕಂಡಕಂಡವರನ್ನು ಕೇಳಿ ಬರೆದುಕೊಂಡ. ಕೊಳ್ಳೇಗಾಲ, ಹನೂರು, ಕೌದಳ್ಳಿಯ ಮೇಲೆ ಹಾದು ಕಾವೇರಿಪುರದ ಕಡೆಗೆ ಘಟ್ಟ ಇಳಿದ. ಆ ಬರವಣಿಗೆ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಂಪನಿ ಸರ್ಕಾರಕ್ಕೆ ಹೊಸದಾಗಿ ಕೈಸೇರಿದ ನಾಡಿನ ಲೆಕ್ಕ ಬೇಕಿತ್ತು, ಇವನು ಲೆಕ್ಕ ಕೊಟ್ಟ. ಆದರೂ ಅವನ ಕಣ್ಣು ಬರೀ ಲೆಕ್ಕಿಗನ ಕಣ್ಣಲ್ಲ ಎಂದು ಓದಿದವರಿಗೆ ಗೊತ್ತು.

ಅವನ ಊರು ಸ್ಕಾಟ್‌ಲೆಂಡಿನ ಕ್ಯಾಲಂಡರ್. ನಾವು ಕೆಲವರು ಕನ್ನಡಿಗರು ಬೇಸಿಗೆಯ ಶನಿವಾರಗಳಲ್ಲಿ ಸೈಕಲ್ ಇಳಿಸಿಕೊಳ್ಳುವ ಊರೂ ಅದೇ. ಗ್ಲಾಸ್ಗೋ ಕಡೆಯಿಂದ ಬಂದು ಉತ್ತರದ ಬೆಟ್ಟಸೀಮೆಗೆ ಏರುವ ಏಳನೇ ನಂಬರಿನ ರಾಷ್ಟ್ರೀಯ ಸೈಕಲ್ ಮಾರ್ಗ ಈ ಊರನ್ನು ಹಾದು ಹೋಗುತ್ತದೆ. ಲಬ್ನೇಗ್ ಸರೋವರದ ಅಂಚಿನಲ್ಲಿ ಸ್ಟ್ರಾಥೈರ್ ಹಳ್ಳಿಯತ್ತ ಹೋಗುವ ದಾರಿ ಹಿಂದೆ ಓಬನ್ನಿಗೆ ಹೋಗುತ್ತಿದ್ದ ರೈಲು ಮಾರ್ಗ. 1965ರಲ್ಲಿ ಗ್ಲೆನ್ ಓಗಲ್ ಕಣಿವೆಯಲ್ಲಿ ಬಂಡೆ ಉರುಳಿ ಆ ಮಾರ್ಗ ನಿಂತೇ ಹೋಯಿತು. ಈಗ ಅಲ್ಲಿನ ಹಳೆಯ ಕಲ್ಲುಸೇತುವೆಯ ಮೇಲೆ ಸೈಕಲ್ ಹೋಗುತ್ತವೆ. ರೈಲು ಹತ್ತಬೇಕಾದ ಏರು ಎಂದು ಅಂದಿನವರು ಮಟ್ಟಸ ಮಾಡಿಟ್ಟಿದ್ದು ಇವತ್ತು ನಮ್ಮ ಮೊಣಕಾಲಿಗೆ ಒದಗಿದೆ. ಕವಲು ಬಂದಲ್ಲೆಲ್ಲ ನೀಲಿ ಫಲಕ. 2003ರ ಕಾಯ್ದೆಯ ಪ್ರಕಾರ ಇಲ್ಲಿ ಹೆಚ್ಚುಕಮ್ಮಿ ಎಲ್ಲ ನೆಲದ ಮೇಲೂ ಜವಾಬ್ದಾರಿಯಿಂದ ನಡೆಯುವ, ಸೈಕಲ್ ತುಳಿಯುವ ಹಕ್ಕು ಎಲ್ಲರಿಗೂ ಇದೆ. ಇಲ್ಲಿ ಯಾರೂ ನಿಮ್ಮನ್ನು ಏನನ್ನೂ ಕೇಳುವುದಿಲ್ಲ. ಎದುರಿಗೆ ಬಂದವರು ಹವೆಯ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಾರೆ.

ನಮ್ಮ ಚಾಮರಾಜನಗರ ಸೀಮೆಯ ತೆರಕಣಾಂಬಿಯಲ್ಲಿ ಹಾಗಲ್ಲ. ರಜೆಯಲ್ಲಿ ಊರಿಗೆ ಹೋದಾಗ, ಗುಂಡ್ಲುಪೇಟೆಯಿಂದ ಸೈಕಲ್ ತುಳಿದು ಆ ಊರಿನ ಸರ್ಕಲ್ಲಿನಲ್ಲಿ ಟೀಗೆ ನಿಂತರೆ ಸಾಕು. "ಎತ್ತಗ ಸಾ ಹೊಂಟ್ರಿ?" "ಚಾಮ್ರಾಜನಗರಕ್ಕೆ." "ಅಯ್ಯೋ ಶಿವನೇ, ಬಸ್ ಸಿಕ್ನಿಲ್ವಾ ಸಾ?" ಸುಮ್ಮನೆ ಹೊರಟಿದ್ದೇನೆ ಎಂದರೆ ನಂಬುವವರಿಲ್ಲ. ಹರಕೆಯೇ? ಪ್ರಚಾರವೇ? ಯಾವುದಾದರೂ ಸಂಘದವರೇ? ಸೈಕಲ್ ಎಂದರೆ ಬೇರೆ ದಾರಿಯಿಲ್ಲದವರು ತುಳಿಯುವುದು ಎಂದು ಗೊತ್ತಿರುವ ಜನಕ್ಕೆ, ಕೈಯಲ್ಲಿ ಕಾಸಿದ್ದೂ ಮೂವತ್ತಾರು ಕಿಲೋಮೀಟರ್ ಬೆವರು ಸುರಿಸುವವನು ಸ್ವಲ್ಪ ತಿಕ್ಕಲಿನವನೇ ಸರಿ. ನನಗೆ ಈ ಪ್ರಶ್ನೆಯ ಮೇಲೆ ಬಹಳ ಪ್ರೀತಿ. ಅಲ್ಲಿಂದ ಶುರುವಾದ ಮಾತು ಮಳೆ, ಅರಿಶಿನದ ದರ, ನಿಮ್ಮ ಕಡೆ ಸಂಬಳ ಎಷ್ಟು ಎಂಬಲ್ಲಿಗೆಲ್ಲ ಹೋಗಿ ಎರಡನೇ ಟೀಗೆ ಬಂದು ನಿಲ್ಲುತ್ತದೆ. ದುಡ್ಡು ಕೊಡಲು ಬಿಡುವುದಿಲ್ಲ.

ಊರಿಗೆ ಹೋಗುವ ನಮ್ಮವರೆಲ್ಲ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂಡೀಪುರಕ್ಕೆ ಓಡುತ್ತಾರೆ. ಸಫಾರಿ, ರೆಸಾರ್ಟ್, ವಾಪಸ್ ಬೆಂಗಳೂರು. ತೆರಕಣಾಂಬಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಹೊಯ್ಸಳರ ಕಾಲದಲ್ಲಿ ಈ ಸೀಮೆಯ ಅಧಿಕಾರ ನಡೆದದ್ದು ಇಲ್ಲಿಂದ. ಪೆರುಮಾಳ ದಂಡನಾಯಕನ ಮಗ ಮಾಧವ ದಂಡನಾಯಕ ಇಲ್ಲಿದ್ದುಕೊಂಡೇ 1315ರಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ದೇವರನ್ನು ಪ್ರತಿಷ್ಠೆ ಮಾಡಿಸಿದ. ಆಮೇಲೆ ವಿಜಯನಗರ, ಉಮ್ಮತ್ತೂರಿನ ಪಾಳೆಯಗಾರರು, ಮೈಸೂರಿನ ಒಡೆಯರು, ನಡುವೆ ಮರಾಠರ ದಂಡು. ಇಷ್ಟೆಲ್ಲ ಕಂಡ ಊರಿನಲ್ಲಿ ಈಗ ಲಕ್ಷ್ಮೀ ವರದರಾಜಸ್ವಾಮಿಯ ಗುಡಿ, ಅಲ್ಲಲ್ಲಿ ಬಿದ್ದ ಕಲ್ಲು, ತರಕಾರಿ ಮೂಟೆ ಹೊತ್ತ ಲಾರಿಗಳು. ಒಂದು ಊರನ್ನು ನಡುವಿಗಿಟ್ಟುಕೊಂಡು ಸುತ್ತಲೂ ಸೈಕಲ್ ದಾರಿಗಳ ನಕ್ಷೆ ಬರೆಯಿರಿ ಎಂದು ಯಾರಾದರೂ ನನಗೆ ಹೇಳಿದರೆ ನಾನು ಗೂಟ ನೆಡುವುದು ಇಲ್ಲಿ.

ಪಡುವಲಿಗೆ ಗುಂಡ್ಲುಪೇಟೆ. ಅಲ್ಲಿಂದ ಊಟಿ ರಸ್ತೆಯಲ್ಲಿ ಹಂಗಳ. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ಕಾವಲಿನಲ್ಲಿದ್ದ ಊರದು. ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಗೋಪಾಲಸ್ವಾಮಿ ಬೆಟ್ಟದ ದಾರಿ. 1454 ಮೀಟರ್ ಎತ್ತರದ ಆ ನೆತ್ತಿಗೆ ಸೈಕಲ್ಲೂ ಇಲ್ಲ, ಕಾರೂ ಇಲ್ಲ. ಖಾಸಗಿ ವಾಹನಗಳು ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಏರುದಾರಿಯ ಆಸೆಯಿರುವ ಸೈಕಲ್ಲಿಗನಿಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅದು ಆನೆಯ ಮನೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಬಿಡದಿರುವುದೂ ಇದೇ ಕಾರಣಕ್ಕೆ. ಆ ನಿಷೇಧ ತೆಗೆಯಿರಿ ಎಂದು ಆಗಾಗ ಏಳುವ ಕೂಗಿಗೆ ನಾನಂತೂ ದನಿ ಸೇರಿಸುವವನಲ್ಲ. ಕಾಡಿನ ಅಂಚು ಬಂದಲ್ಲಿ ಹ್ಯಾಂಡಲ್ ತಿರುಗಿಸಿ ಹೊಲದ ಕಡೆಗೆ ಬನ್ನಿ, ನೋಡುವುದಕ್ಕೆ ಬೇಕಾದಷ್ಟಿದೆ.

ಜುಲೈ, ಆಗಸ್ಟಿನಲ್ಲಾದರೆ ಬೇಗೂರಿನಿಂದ ಗುಂಡ್ಲುಪೇಟೆಯವರೆಗೂ ಸೂರ್ಯಕಾಂತಿ, ಚೆಂಡುಹೂವು. ಕೇರಳದ ಕಾರುಗಳು ಸಾಲಾಗಿ ನಿಂತಿರುತ್ತವೆ. ಹೊಲದೊಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ರೈತರು ಕಾಸು ಕೇಳುತ್ತಾರೆ. ಕೇಳಲಿ. ಎಣ್ಣೆಕಾಳಿನ ಬೆಲೆ ನೆಚ್ಚಿಕೊಂಡು ಕೂತವರಿಗೆ ಅಷ್ಟಾದರೂ ಬರಲಿ.

ನನಗೆ ಇಷ್ಟವಾದದ್ದು ಸುಗ್ಗಿಯ ಕಾಲ, ಡಿಸೆಂಬರ್, ಜನವರಿ. ಆಗ ತೆರಕಣಾಂಬಿಯ ಮೂಡಲಿಗೂ ತೆಂಕಲಿಗೂ ಹೋಗುವ ಹಳ್ಳಿ ರಸ್ತೆಗಳೆಲ್ಲ ಕಣವಾಗುತ್ತವೆ. ನೆಲ ಕೆತ್ತಿ, ಸಗಣಿ ಬಳಿದು, ಎತ್ತು ಕಟ್ಟಿ ಒಕ್ಕುವಷ್ಟು ಕೈಗಳು ಈಗ ಮನೆಯಲ್ಲಿಲ್ಲ. ಹಾಗಾಗಿ ಹುರುಳಿಯನ್ನು ಬಳ್ಳಿಸಮೇತ ಟಾರ್ ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಬಸ್ಸು, ಟ್ರ್ಯಾಕ್ಟರು ಹತ್ತಿ ಇಳಿದು ಕಾಳು ಬಿಡಿಸಿಕೊಡುತ್ತವೆ, ಹೆಂಗಸರು ಬದಿಯಲ್ಲಿ ನಿಂತು ಗಾಳಿಗೆ ತೂರುತ್ತಾರೆ. ಬಸ್ಸಿಗೆ ಇದು ಲೆಕ್ಕಕ್ಕಿಲ್ಲ. ಸೈಕಲ್ ಮಾತ್ರ ಸಿಕ್ಕಿಬೀಳುತ್ತದೆ. ಮೊದಲು ಚಕ್ರ ಜಾರುತ್ತದೆ. ಆಮೇಲೆ ಒಣಬಳ್ಳಿ ಹಿಂದಿನ ಹಬ್ಬಿಗೆ ಸುತ್ತಿಕೊಂಡು, ಹಲ್ಲುಚಕ್ರದ ಸಂದಿಗೆ ಸೇರಿ, ಚೈನು ಕಚ್ಚಿ ನಿಲ್ಲುತ್ತದೆ. ಇಳಿದು, ಸೈಕಲ್ ಬೋರಲು ಹಾಕಿ, ಹಗ್ಗದಂತೆ ಹೊಸೆದುಕೊಂಡ ಬಳ್ಳಿಯನ್ನು ಎಳೆ ಎಳೆಯಾಗಿ ಕೀಳಬೇಕು. ಒಂದು ಸಲ ಹೀಗೆ ಕೂತಿದ್ದಾಗ ಕಾಳು ತೂರುತ್ತಿದ್ದ ಅಜ್ಜಿಯೊಬ್ಬಳು ಕುಡುಗೋಲು ಹಿಡಿದು ಬಂದು, "ಬುಡು ಮಗ, ನಿನ್ ಕೈಲಿ ಆಗದಲ್ಲ" ಎಂದು ಕಿತ್ತುಕೊಟ್ಟಳು. ಸಿಕ್ಕಿದ ಬಳ್ಳಿಯಲ್ಲಿದ್ದ ಕಾಳನ್ನೂ ಬಿಡಿಸಿಕೊಂಡಳು. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ, ಬೈಕಿನವರು ಬೀಳುತ್ತಾರೆ ಎಂದು ಪೊಲೀಸರು ಹೇಳುವುದರಲ್ಲಿ ತಪ್ಪಿಲ್ಲ. ಒಕ್ಕುವುದಕ್ಕೆ ಬೇರೆ ಜಾಗ ತೋರಿಸಿ ಎಂದು ಅಜ್ಜಿ ಕೇಳುವುದರಲ್ಲೂ ತಪ್ಪಿಲ್ಲ.

ಪಂಚರ್ ಬಗ್ಗೆ ಭಯ ಬೇಡ. ಜಾಲಿಮುಳ್ಳು ಚುಚ್ಚುವುದು ಗ್ಯಾರಂಟಿ, ಪಂಚರ್ ಅಂಗಡಿ ಸಿಗುವುದೂ ಗ್ಯಾರಂಟಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಈ ರಸ್ತೆಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸಮವಸ್ತ್ರದ ಹುಡುಗಿಯರ ಸಾಲೇ ಇರುತ್ತಿತ್ತು. ಕೋವಿಡ್ ಹೊತ್ತಿಗೆ ಆ ಯೋಜನೆ ನಿಂತಿತು, ಸಾಲು ತೆಳುವಾಗಿದೆ. ಸೈಕಲ್ ಮಾರ್ಗ, ಸೈಕಲ್ ಪ್ರವಾಸೋದ್ಯಮ ಎಂದು ಭಾಷಣ ಮಾಡುವವರು ಮೊದಲು ಅದನ್ನು ಮತ್ತೆ ಶುರುಮಾಡಿಸಲಿ. ದಿನವೂ ತುಳಿಯುವವರು ಇದ್ದರೆ ರಿಪೇರಿಯವನೂ ಇರುತ್ತಾನೆ, ಲಾರಿಯವನೂ ನೋಡಿಕೊಂಡು ಓಡಿಸುತ್ತಾನೆ. ನೀಲಿ ಫಲಕ ಆಮೇಲೆ ಬಂದರಾಯಿತು.

ಹತ್ತಿರದ ಸುತ್ತು ಬೇಕೆಂದರೆ ತ್ರಿಯಂಬಕಪುರದ ಈಶ್ವರನ ಗುಡಿ ನೋಡಿಕೊಂಡು ಹುಲುಗನಮುರಡಿಯ ವೆಂಕಟರಮಣನ ಬೆಟ್ಟಕ್ಕೆ ಹೋಗಬಹುದು. ದೂರದ್ದಾದರೆ ಚಾಮರಾಜನಗರ. ಅರಿಕುಠಾರ ಎಂದಿದ್ದ ಆ ಊರಿನಲ್ಲಿ ತಮ್ಮ ತಂದೆ ಹುಟ್ಟಿದರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಹೆಸರು ಬದಲಿಸಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಅಲ್ಲಿಂದ ಹರದನಹಳ್ಳಿ ಹತ್ತಿರವೇ. ಎಡೆಯೂರಿನ ಸಿದ್ಧಲಿಂಗೇಶ್ವರರು ಹುಟ್ಟಿದ ಊರು. ಬಿಳಿಗಿರಿರಂಗನ ಬೆಟ್ಟದತ್ತ ಆಸೆ ಹುಟ್ಟಿದರೂ ಅದೂ ಆನೆ, ಹುಲಿಯ ಕಾಡು. ಆ ಬೆಟ್ಟದ ಕಾಫಿ ತೋಟದಲ್ಲಿ ಬೆಳೆದ ಮೋನಿಕಾ ಜಾಕ್ಸನ್ ಮುಂದೆ ಸ್ಕಾಟ್‌ಲೆಂಡಿನ ಮಹಿಳಾ ಆರೋಹಿಗಳ ಜೊತೆ 1955ರಲ್ಲಿ ನೇಪಾಳದ ಜುಗಲ್ ಹಿಮಾಲಯಕ್ಕೆ ಹೋದರು. ಹೆಂಗಸರೇ ಹೊರಟ ಮೊದಲ ಹಿಮಾಲಯ ಆರೋಹಣ ತಂಡ ಅದು. ಬುಕಾನನ್ ಅಲ್ಲಿಂದ ಇಲ್ಲಿಗೆ ಬಂದ, ಈಕೆ ಇಲ್ಲಿಂದ ಅಲ್ಲಿಗೆ.

ಒಂದೇ ದಿನ ಬಿಡುವಿದ್ದರೆ ಮಾತ್ರ ಇದನ್ನೆಲ್ಲ ಬಿಟ್ಟು ಚಾಮರಾಜನಗರದಿಂದ ತಾಳವಾಡಿ ರಸ್ತೆ ಹಿಡಿಯಿರಿ. ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. ಬಸ್ಸಿನ ಬಣ್ಣ, ಬೋರ್ಡಿನ ಅಕ್ಷರ ಬದಲಾಗುತ್ತವೆ, ಟೀ ಅಂಗಡಿಯ ಮಾತು ಬದಲಾಗುವುದಿಲ್ಲ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಈ ದಾರಿಯ ಕಡೆಯೇ ಇದೆ. ನೀರು, ಪ್ಯಾಚು, ಸಲ್ಯೂಷನ್ನು ಜೊತೆಗಿರಲಿ, ಸಂಜೆ ಐದರೊಳಗೆ ಹಿಂತಿರುಗಿ. ಬಸ್ ಸಿಗಲಿಲ್ಲವೇ ಎಂದು ಅಲ್ಲೂ ಕೇಳುತ್ತಾರೆ, ಕನ್ನಡದಲ್ಲೇ.