ಆಯುಧಗಳಿಲ್ಲದೆ

ಸಭೆ ಸೇರುವ ಹಕ್ಕನ್ನು ನಮ್ಮ ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಆದರೆ ಶಾಂತಿಯಿಂದ ಸೇರಬೇಕು, ಆಯುಧಗಳಿಲ್ಲದೆ ಸೇರಬೇಕು. ಇದನ್ನು ಪೊಲೀಸರ ಅನುಕೂಲಕ್ಕೆ ಹಾಕಿದ ಷರತ್ತು ಎಂದು ಓದಿ ಮುಂದೆ ಹೋಗುವವರೇ ಹೆಚ್ಚು. ನನಗೆ ಅದರೊಳಗೆ ಒಂದು ನೈತಿಕ ತಿಳಿವಳಿಕೆ ಕಾಣುತ್ತದೆ.

ಆ ಷರತ್ತು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೆನೋಶಾ ಸಾಕ್ಷಿ. ಪೊಲೀಸರು ಕಪ್ಪು ವರ್ಣೀಯನೊಬ್ಬನಿಗೆ ಗುಂಡು ಹಾರಿಸಿದ್ದರಿಂದ ಆ ಊರು ಹೊತ್ತಿ ಉರಿಯುತ್ತಿತ್ತು. 2020ರ ಆಗಸ್ಟ್ 25ರ ರಾತ್ರಿ, 17 ವರ್ಷದ ಕೈಲ್ ರಿಟನ್‌ಹೌಸ್ ಅಂಗಡಿಗಳನ್ನು ಕಾಯುತ್ತೇನೆಂದು ರೈಫಲ್ ಹೊತ್ತು ಅಲ್ಲಿಗೆ ಬಂದ. ಅವನ ಗುಂಡಿಗೆ ಇಬ್ಬರು ಸತ್ತರು, ಒಬ್ಬ ಗಾಯಗೊಂಡ. 2021ರ ನವೆಂಬರ್ 19ರಂದು ಜ್ಯೂರಿ ಅವನನ್ನು ನಿರ್ದೋಷಿ ಎಂದಿತು.

ಮೊದಲು ಸತ್ತವನ ಕೈಯಲ್ಲಿ ಬಂದೂಕಿರಲಿಲ್ಲ. ‘ನನ್ನ ಬಂದೂಕನ್ನೇ ಕಿತ್ತುಕೊಂಡು ಕೊಲ್ಲುತ್ತಾನೆಂದು ಹೆದರಿದೆ’ ಎಂಬುದು ರಿಟನ್‌ಹೌಸ್‌ನ ವಾದ. ಆಮೇಲೆ ಅವನನ್ನು ಬೆನ್ನಟ್ಟಿದವರ ಕಣ್ಣಿಗೆ ಅವನು ಗುಂಡು ಹಾರಿಸಿ ಓಡುತ್ತಿದ್ದ ಕೊಲೆಗಾರ. ಇವನು ತನ್ನನ್ನು ಕಾಪಾಡಿಕೊಂಡ. ಅವರು ಊರನ್ನು ಕಾಪಾಡುತ್ತಿದ್ದೇವೆಂದುಕೊಂಡರು. ಕಾನೂನು ಕೇಳಿದ್ದು ಆ ಗಳಿಗೆಯಲ್ಲಿ ಅವನಿಗಿದ್ದ ಭಯ ಸಕಾರಣವೇ ಎಂದು. ಆದರೆ ಬಂದೂಕೇ ಇರದಿದ್ದರೆ ಅದನ್ನು ಕಿತ್ತುಕೊಳ್ಳುವ ಭಯ ಎಲ್ಲಿಂದ ಬರುತ್ತಿತ್ತು? ಯಾವ ಅಪಾಯದಿಂದ ಕಾಯಲೆಂದು ಆಯುಧ ಬಂತೋ, ಆ ಅಪಾಯವನ್ನು ಅದೇ ಹುಟ್ಟಿಸಿತು.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಸರ್ಕಾರದ ರಕ್ಷಣೆ ಕೋರಲು ಸಮಯವಿದ್ದರೆ ಈ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. 1860ರ ದಂಡ ಸಂಹಿತೆಯಿಂದ ಹಾಗೇ ಉಳಿದುಬಂದ ಒಂದು ಉದಾಹರಣೆ ಕೊನೆಯ ಸೆಕ್ಷನ್‌ನಲ್ಲಿದೆ. ಒಬ್ಬನನ್ನು ಕೊಲ್ಲಲು ಗುಂಪು ಮೇಲೆ ಬೀಳುತ್ತದೆ. ಗುಂಡು ಹಾರಿಸದೆ ಅವನು ಉಳಿಯಲಾರ. ಗುಂಪಿನಲ್ಲಿ ಎಳೆಯ ಮಕ್ಕಳಿದ್ದಾರೆ. ಅವನ ಗುಂಡು ಮಕ್ಕಳಿಗೆ ತಗುಲಿದರೂ ಅಪರಾಧವಲ್ಲ.

ಇದನ್ನು ಓದಿದಾಗೆಲ್ಲ ನನಗೆ ಕಾಡುವುದು ಒಂದೇ ಪ್ರಶ್ನೆ: ಅವನು ಬಂದೂಕು ಹಿಡಿದು ಅಲ್ಲಿಗೆ ಯಾಕೆ ಹೋಗಿದ್ದ? ಗುಂಪೇ ಅವನ ಮನೆ ಬಾಗಿಲಿಗೆ ಬಂದಿದ್ದರೆ ಮಾತು ಬೇರೆ. ಗುಂಪು ಸೇರುತ್ತದೆಂದು ತಿಳಿದೇ ತುಂಬಿದ ಬಂದೂಕಿನೊಡನೆ ಹೊರಟಿದ್ದರೆ ಮಾತು ಬೇರೆ. ಉದಾಹರಣೆ ಅದನ್ನು ಹೇಳುವುದಿಲ್ಲ. ನೀತಿ ಅದನ್ನು ಕೇಳದೆ ಬಿಡಲಾಗದು.

ನನ್ನೂರು ಧುಪದಾಳದ ಸುತ್ತಮುತ್ತ ಕೈಯಲ್ಲಿ ಏನೂ ಇಲ್ಲದ ರೈತನನ್ನು ಕಾಣುವುದೇ ಅಪರೂಪ. ಕಬ್ಬು ಕಡಿಯುವ ಕೊಯ್ತಾ, ಎತ್ತಿನ ಬಾರುಕೋಲು ದಿನದ ಸಂಗಾತಿಗಳು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ಸಾವಿರಾರು ರೈತರು ಕೂತರು. ಇಂಥ ಕಡೆ ಆಯುಧ ಯಾವುದು, ಸಲಕರಣೆ ಯಾವುದು? 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಬಳಕೆಗೆ, ಕೃಷಿಗೆ ಮಾತ್ರವೇ ಮಾಡಿದ ವಸ್ತುಗಳನ್ನು ಆಯುಧ ಎನ್ನುವುದಿಲ್ಲ. ಆದರೆ ಕಾನೂನುಬಾಹಿರ ಕೂಟದಲ್ಲಿ, ಆಯುಧವಾಗಿ ಬಳಸಿದರೆ ಜೀವ ತೆಗೆಯಬಲ್ಲ ಯಾವ ವಸ್ತು ಹಿಡಿದರೂ ಶಿಕ್ಷೆ ಹೆಚ್ಚು. ವಸ್ತುವಿನಷ್ಟೇ ಅದನ್ನು ಎಲ್ಲಿಗೆ, ಯಾಕೆ ಒಯ್ದೆವು ಎಂಬುದೂ ಮುಖ್ಯ.

ಇದಕ್ಕೆ ನಮ್ಮ ಪಕ್ಕದ ಮುಧೋಳ ಸೀಮೆಯಿಂದಲೇ ಗಟ್ಟಿ ಆಕ್ಷೇಪ ಬರಬಹುದು. 1857ರಲ್ಲಿ ಆಯುಧ ಒಪ್ಪಿಸಿರೆಂದ ಬ್ರಿಟಿಷರಿಗೆ ಹಲಗಲಿಯ ಬೇಡರು ಆಗುವುದಿಲ್ಲವೆಂದರು, ಅದಕ್ಕೆ ಪ್ರಾಣ ತೆತ್ತರು. ಪ್ರಜೆಯ ಕೈ ಬರಿದಾಗಿಸುವುದು ಆಳುವವರ ಹಳೆಯ ಉಪಾಯ ಅಲ್ಲವೇ? ಪೊಲೀಸರು ಕೈಕಟ್ಟಿ ನಿಂತಾಗ ದುರ್ಬಲರು ಏನು ಮಾಡಬೇಕು?

ಈ ಮಾತನ್ನು ತಳ್ಳಿಹಾಕಲಾರೆ. ಆದರೆ ಹಲಗಲಿಯವರು ತಮ್ಮ ಊರಲ್ಲಿದ್ದರು. ಸೈನ್ಯ ಅವರ ಮೇಲೆ ಬಂತು. ಮನೆಯಲ್ಲಿ ಕೋವಿ ಇಟ್ಟುಕೊಂಡು ಕೈಲ್‌ಪೊಳ್ದ್‌ನಲ್ಲಿ ಪೂಜಿಸುವ ಕೊಡವರ ಬಗೆಗೂ ನನ್ನ ತಕರಾರಿಲ್ಲ. ತಕರಾರು ಇರುವುದು ಕುದಿಯುತ್ತಿರುವ ಗುಂಪಿನೊಳಕ್ಕೆ ಕೋವಿ ಒಯ್ಯುವುದರ ಬಗ್ಗೆ. ಅಲ್ಲಿ ಅದರ ಬಾಯಿ ದೊರೆಯ ಕಡೆಗಲ್ಲ, ಪಕ್ಕದಲ್ಲಿ ನಿಂತವನ ಕಡೆಗಿರುತ್ತದೆ. ಕೋವಿ ಹಿಡಿದವನ ಮನಸ್ಸಿನಲ್ಲಿ ಏನಿದೆ ಎಂದು ಪಕ್ಕದವನಿಗೆ ಓದಲಾಗದು. ಅವನಿಗೆ ಕಾಣುವುದು ಕೋವಿ ಮಾತ್ರ.

ನಿರ್ದೋಷಿ ಎಂಬ ತೀರ್ಪು ಶಿಕ್ಷೆಯಿಂದ ಬಿಡಿಸುತ್ತದೆ, ಅದು ಸರಿಯೂ ಇರಬಹುದು. ಹೊಣೆಯ ಲೆಕ್ಕ ಮಾತ್ರ ಗುಂಡು ಹಾರಿದ ಗಳಿಗೆಯಿಂದಲ್ಲ, ಮನೆಯ ಹೊಸ್ತಿಲು ದಾಟುವಾಗ ಕೈಗೆ ಏನು ತೆಗೆದುಕೊಂಡೆವು ಎಂಬಲ್ಲಿಂದ ಶುರುವಾಗುತ್ತದೆ.