ಕಾಯ್ದವನು ಒಡೆಯನಾಗುವನೇ?

ವಿಜಯಪುರದ ಗೋಲಗುಂಬಜ್ ನೋಡಲು ಹೋದವರಿಗೆ ಮೊದಲು ಎದುರಾಗುವುದು ನಗಾರಖಾನೆ. ನಗಾರಿ ಬಾರಿಸಲೆಂದು ಕಟ್ಟಿದ ಈ ಕಟ್ಟಡದಲ್ಲಿ ಈಗ ವಸ್ತುಸಂಗ್ರಹಾಲಯವಿದೆ. 1892ರಲ್ಲಿ ಆರಂಭವಾದ ಈ ಸಂಗ್ರಹಾಲಯ 1982ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಸುಪರ್ದಿಗೆ ಬಂತು. ಅರಬ್ಬಿ, ಪಾರಸಿ, ಕನ್ನಡ, ಸಂಸ್ಕೃತ ಶಾಸನಗಳು, ಜಿನಬಿಂಬಗಳು, ವೀರಗಲ್ಲುಗಳು, ಫರ್ಮಾನುಗಳು, ಚಿತ್ರಗಳು ಇಲ್ಲಿ ಒಂದೇ ಸೂರಿನಡಿ ಇವೆ. ಯಾರ ಕಲ್ಲು ದೊಡ್ಡದು ಎಂಬ ಜಗಳ ಇಲ್ಲಿಲ್ಲ.

ಆದರೆ ಈ ಊರಿನ ದೊಡ್ಡದೊಂದು ಆಸ್ತಿ ಊರಿನಲ್ಲಿಲ್ಲ. ಆದಿಲಶಾಹಿಗಳ ಗ್ರಂಥಭಂಡಾರದಲ್ಲಿ ಉಳಿದದ್ದು ಆಸಾರ್ ಮಹಲಿನಲ್ಲಿತ್ತು. ಅಲ್ಲಿಂದ 400ಕ್ಕೂ ಹೆಚ್ಚು ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಇದಕ್ಕಾಗಿ ಇಂಗ್ಲಿಷರನ್ನಷ್ಟೇ ದೂರಿದರೆ ನ್ಯಾಯವಾಗದು. 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬ ಬಂಡಿಗಟ್ಟಲೆ ಪುಸ್ತಕ ಒಯ್ದನೆಂಬ ಪ್ರತೀತಿಯೂ ಇದೆ. ಗೆದ್ದವನ ಧರ್ಮ ಯಾವುದಾದರೇನು, ಕಳೆದುಕೊಂಡ ಊರಿನ ನೋವು ಒಂದೇ.

"ನಾವು ಒಯ್ಯದಿದ್ದರೆ ಗೆದ್ದಲು ತಿನ್ನುತ್ತಿತ್ತು" ಎಂಬ ವಾದವೊಂದಿದೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಕಾಪಾಡಿದವರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಕಾಪಾಡಿದ್ದರಿಂದ ಒಡೆತನ ಬರುತ್ತದೆಯೇ?

ಇಲ್ಲಿ ಒಂದು ಪದ ನೆನಪಾಗುತ್ತದೆ. ಇಂದಿನ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಅದರ ಮೂಲವಾದ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಎಷ್ಟೇ ಜೋಪಾನವಾಗಿಟ್ಟರೂ ಇಟ್ಟುಕೊಂಡವನು ಒಡೆಯನಾಗುವುದಿಲ್ಲ. ಇಲ್ಲಂತೂ ಊರಿನವರು ನಂಬಿ ಒಪ್ಪಿಸಿದ್ದೂ ಅಲ್ಲ; ಅಧಿಕಾರವಿದ್ದವರು ಕೊಂಡೊಯ್ದದ್ದು. ಸಾಲ ಕೊಟ್ಟವನ ಮನೆ ಸೋರುತ್ತಿದೆ ಎಂಬುದು ಸಾಲ ತೀರಿಸದಿರಲು ನೆಪವಾಗಬಾರದು.

ಆದರೂ ಸೋರುವ ಮನೆಯ ಮಾತನ್ನು ನಾವು ಮರೆಯುವಂತಿಲ್ಲ. ನಾಳೆ ಆ ಗ್ರಂಥಗಳು ಮರಳಿ ಬಂದರೆ ಅವನ್ನು ಓದುವವರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ಅಜ್ಜನ ಪೆಟ್ಟಿಗೆಯ ಪಾರಸಿ ಕಾಗದವನ್ನು, ಮೋಡಿ ಲಿಪಿಯ ಪತ್ರವನ್ನು ರದ್ದಿಗೆ ಹಾಕಿದವರು ಹೊರಗಿನವರಲ್ಲ. ದರ್ಗಾದ ಬಾಗಿಲ ಮೇಲಿನ ಶಾಸನಕ್ಕೆ, ಗುಡಿಯ ಮುಂದಿನ ವೀರಗಲ್ಲಿಗೆ ಭಕ್ತಿಯಿಂದಲೇ ಬಣ್ಣ ಬಳಿದು ಅಕ್ಷರ ಮುಚ್ಚಿದವರೂ ನಾವೇ. ಪುಸ್ತಕ ಕಳೆದುಕೊಂಡದ್ದು ಒಂದು ನಷ್ಟ. ಅದನ್ನು ಓದುವ ಕಣ್ಣು ಕಳೆದುಕೊಂಡದ್ದು ಇನ್ನೊಂದು. ಮೊದಲನೆಯದಕ್ಕೆ ಇತರರನ್ನು ಹೊಣೆ ಮಾಡಬಹುದು, ಎರಡನೆಯದಕ್ಕೆ ನಾವೇ ಹೊಣೆ.

ಹಾಗಾದರೆ ಹಳೆಯ ವಸ್ತುವಿನ ಒಡೆಯ ಯಾರು? ಮಾಡಿಸಿದ ಸುಲ್ತಾನನಿಲ್ಲ, ಬರೆದ ಲಿಪಿಕಾರನಿಲ್ಲ. ಇಂದು ಇರುವವರೆಲ್ಲರೂ ಕಾವಲುಗಾರರೇ. ಲಂಡನ್ನಿನವರೂ ಹೌದು, ನಾವೂ ಹೌದು. ಅದು ಸೇರಬೇಕಾದದ್ದು ಇನ್ನೂ ಹುಟ್ಟದ ಮಕ್ಕಳಿಗೆ. ಹಕ್ಕು ಕೇಳುವುದು ತಪ್ಪಲ್ಲ. ಆದರೆ ಕೇಳುವ ಮೊದಲು ನಮ್ಮ ಕೈಗೆ ಈಗಾಗಲೇ ಬಂದಿರುವುದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂದು ನೋಡಿಕೊಳ್ಳೋಣ. ಅಟ್ಟದ ಮೇಲಿನ ಆ ಪೆಟ್ಟಿಗೆಯನ್ನು ಇಂದೇ ತೆರೆದು ನೋಡಬಹುದಲ್ಲವೇ?